ಓದಿದ್ದು ಕಡಿಮೆ, ಕಲಿತಿದ್ದು ಜಾಸ್ತಿ: ಕೈಯಲ್ಲಿರುವ ಕೆಲಸವನ್ನು ಕಾಗದಕ್ಕೆ ತರುವ ದಾರಿ

ನಮ್ಮ ಹಾಸನ, ಚಿಕ್ಕಮಗಳೂರು ಕಡೆ ಹೊಸಬರು ಸಿಕ್ಕರೆ ಮೊದಲ ಪ್ರಶ್ನೆ "ಯಾವೂರು?", ಎರಡನೇದು "ಏನು ಓದಿದ್ದೀರಾ?". ಎರಡನೇ ಪ್ರಶ್ನೆ ಬಂದಾಗ ಎಷ್ಟೋ ಜನರ ದನಿ ಸಣ್ಣದಾಗುತ್ತದೆ. "ಏನೂ ಇಲ್ಲ ಸಾರ್, ಎಸ್‌ಎಸ್‌ಎಲ್‌ಸಿಗೇ ನಿಂತುಹೋಯ್ತು" ಅಂತಾರೆ. ಹಾಗೆ ಹೇಳಿದವರು ಸುಟ್ಟುಹೋದ ಬೋರ್ ಮೋಟರನ್ನು ಬಿಚ್ಚಿ ಸಂಜೆಯೊಳಗೆ ನೀರೆತ್ತುವಂತೆ ಮಾಡಬಲ್ಲವರು. ಇನ್ನೊಬ್ಬರು ಯೂಟ್ಯೂಬ್ ನೋಡಿಯೇ ವಿಡಿಯೋ ಎಡಿಟಿಂಗ್ ಕಲಿತಿರುತ್ತಾರೆ, ಹೋಬಳಿಯ ಅರ್ಧ ಮದುವೆಗಳು ಅವರ ಕೈಯಲ್ಲೇ ಇರುತ್ತವೆ. ಮತ್ತೊಬ್ಬ ಹೆಣ್ಣುಮಗಳು ವರ್ಷಗಟ್ಟಲೆ ಸ್ತ್ರೀಶಕ್ತಿ ಸಂಘದ ಲೆಕ್ಕವನ್ನು ಒಂದು ರೂಪಾಯಿ ಹೆಚ್ಚುಕಮ್ಮಿ ಆಗದಂತೆ ಬರೆದಿರುತ್ತಾರೆ. ಇವರ ಬಯೋಡಾಟಾ ತೆಗೆದು ನೋಡಿ. ಇದ್ಯಾವುದೂ ಅದರಲ್ಲಿ ಇರುವುದಿಲ್ಲ.

ಡಿಗ್ರಿ ಮುಗಿಸಿದವರದೂ ಹೆಚ್ಚು ಬೇರೆ ಕಥೆಯಲ್ಲ. ಬಿ.ಎ. ಆದಮೇಲೆ ಅಪ್ಪನಿಗೆ ಹುಷಾರಿಲ್ಲ ಅಂತ ಮೂರು ವರ್ಷ ತೋಟ ನೋಡಿಕೊಂಡ ಹುಡುಗ, ಆ ಮೂರು ವರ್ಷವನ್ನು "ಸುಮ್ನೆ ಮನೇಲಿದ್ದೆ" ಅಂತ ಹೇಳುತ್ತಾನೆ. ಕೇಳಿದರೆ ಹೊಟ್ಟೆ ಉರಿಯುತ್ತದೆ. ಮೂರು ವರ್ಷ ತೋಟ ನಡೆಸುವುದು ಸುಮ್ನೆ ಇರುವುದಾ?

ಇಂಥವರಿಗಾಗಿ ಈ ಲೇಖನ. ನಾನು ಹೇಳುವುದರಲ್ಲಿ ಮುಖ್ಯವಾದದ್ದು ಒಂದೇ: ಕ್ರಮ. ಮೊದಲು ಗೊತ್ತಿರುವುದನ್ನು ಬರೆಯಬೇಕು. ಆಮೇಲೆ ಅದಕ್ಕೆ ಪುರಾವೆ ಜೋಡಿಸಬೇಕು. ಸರ್ಟಿಫಿಕೇಟ್ ಕೊನೆಗೆ, ಅದೂ ಬೇಕಾದರೆ ಮಾತ್ರ. ನಮ್ಮಲ್ಲಿ ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ. ಮೊದಲು ಎಲ್ಲೋ ದುಡ್ಡು ಕಟ್ಟಿ ಸರ್ಟಿಫಿಕೇಟ್ ತರುತ್ತಾರೆ, ಅದನ್ನು ಎಲ್ಲಿ ತೋರಿಸಬೇಕು ಅಂತ ಆಮೇಲೆ ಯೋಚಿಸುತ್ತಾರೆ.

1. ಒಂದು ನೋಟ್‌ಬುಕ್ ತಗೊಂಡು ಎಲ್ಲವನ್ನೂ ಬರೆಯಿರಿ

ಈ ಹೆಜ್ಜೆಗೆ ಒಂದು ವಾರ ಕೊಡಿ. ಅವಸರ ಬೇಡ. ಒಂದು ಹಾಳೆಯಲ್ಲಿ ಶಾಲೆ, ಕಾಲೇಜು. ಎರಡನೇದರಲ್ಲಿ ಸಂಬಳಕ್ಕೆ ಮಾಡಿದ ಕೆಲಸ. ಮೂರನೇದರಲ್ಲಿ ಯಾರೂ ಕಲಿಸದೆ, ಅಥವಾ ಯಾರದೋ ಪಕ್ಕ ನಿಂತು ನೋಡಿ ಕಲಿತದ್ದು. ಮೂರನೇ ಹಾಳೆ ತುಂಬಲು ಸಮಯ ಹಿಡಿಯುತ್ತದೆ. ದಿನಾ ಮಾಡುವ ಕೆಲಸ ನಮ್ಮ ಕಣ್ಣಿಗೆ ಕೆಲಸ ಅಂತಲೇ ಕಾಣುವುದಿಲ್ಲ, ಅಲ್ವಾ? ಅದಕ್ಕೇ ಪಕ್ಕದಲ್ಲಿ ಮನೆಯವರನ್ನೋ ಸ್ನೇಹಿತರನ್ನೋ ಕೂರಿಸಿಕೊಳ್ಳಿ. "ಜನ ಯಾವ ಕೆಲಸಕ್ಕೆ ನನ್ನನ್ನು ಹುಡುಕಿಕೊಂಡು ಬರ್ತಾರೆ?" ಅಂತ ಅವರನ್ನು ಕೇಳಿ. ಅವರು ಹೇಳುವ ಪಟ್ಟಿ ನಿಮ್ಮ ಪಟ್ಟಿಗಿಂತ ಉದ್ದ ಇರುತ್ತದೆ.

ಉದಾಹರಣೆಗೆ, ಮೂಡಿಗೆರೆ ಕಡೆಯ ಒಂದು ಕಾಫಿ ತೋಟದ ರೈಟರ್ (ತೋಟದ ಲೆಕ್ಕ, ಕೆಲಸಗಾರರನ್ನು ನೋಡಿಕೊಳ್ಳುವವರು) ಅಂದುಕೊಳ್ಳಿ. ಪಿಯುಸಿ ಅರ್ಧಕ್ಕೆ ಬಿಟ್ಟವರು. ಬಯೋಡಾಟಾದಲ್ಲಿ ಅವರು ಬರೆಯುವುದು ಒಂದೇ ಸಾಲು: "ಎಸ್ಟೇಟ್‌ನಲ್ಲಿ ಕೆಲಸ". ಅವರ ದಿನವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಬೆಳಿಗ್ಗೆ ಹಾಜರಿ ಕರೆಯುತ್ತಾರೆ. ಯಾರು ಮರಗಸಿಗೆ (ನೆರಳು ಮರದ ಕೊಂಬೆ ಸವರಲು), ಯಾರು ಕಳೆಗೆ, ಯಾರು ಬೋರ್ಡೋ ಔಷಧಿ ಸಿಂಪಡಣೆಗೆ ಅಂತ ಹಂಚುತ್ತಾರೆ. ಚೆಕ್‌ರೋಲ್, ಅಂದರೆ ಹಾಜರಿ ಮತ್ತು ಕೂಲಿಯ ಪುಸ್ತಕ, ಬರೆಯುತ್ತಾರೆ. ಮಳೆ ಅಳತೆ ನೋಡಿ ಇಂಚು, ಸೆಂಟ್ ಲೆಕ್ಕದಲ್ಲಿ ಪುಸ್ತಕಕ್ಕೆ ಹಾಕುತ್ತಾರೆ. ಕುಯ್ಲಿನ ಕಾಲದಲ್ಲಿ ಸಂಜೆ ಹಣ್ಣು ತೂಗಿ, ಪ್ರತಿಯೊಬ್ಬರ ಕೆ.ಜಿ. ಲೆಕ್ಕ ಬರೆದು, ವಾರದ ಕೊನೆಗೆ ಬಟವಾಡೆ ಮಾಡುತ್ತಾರೆ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಓಡಿಸುತ್ತಾರೆ, ಡಿಸ್ಕ್ ಸವೆದರೆ ಸದ್ದಿನಲ್ಲೇ ಹೇಳುತ್ತಾರೆ. ಕಣದಲ್ಲಿ ಒಣಗುವ ಕಾಫಿಯನ್ನು ಕೈಗೆ ತಗೊಂಡು ನೋಡಿ, ಆಮೇಲೆ ತೇವಾಂಶದ ಮೀಟರ್‌ಗೆ ಹಾಕಿ ಖಾತ್ರಿ ಮಾಡಿಕೊಳ್ಳುತ್ತಾರೆ. ಲಾರಿಗೆ ಲೋಡ್ ಮಾಡಿಸಿ ಕ್ಯೂರಿಂಗ್ ವರ್ಕ್ಸ್‌ಗೆ (ಕಾಫಿ ಬೀಜ ಸಂಸ್ಕರಿಸುವ ಕಾರ್ಖಾನೆಗೆ) ಕಳಿಸುತ್ತಾರೆ, ಎಷ್ಟು ಬೀಜ ಇಳಿಯಿತು ಅಂತ ಅಲ್ಲಿಂದ ಬಂದ ಔಟ್‌ಟರ್ನ್ ವರದಿ ಓದಿ ಮಾಲೀಕರಿಗೆ ತಿಳಿಸಿ ಹೇಳುತ್ತಾರೆ.

ಇದನ್ನೇ ಕಾಗದದ ಮೇಲೆ ಹೀಗೆ ಬರೆಯಬಹುದು:

"ಕಾರ್ಮಿಕರ ಹಾಜರಿ, ಕೆಲಸ ಹಂಚಿಕೆ, ವಾರದ ಕೂಲಿ ಲೆಕ್ಕ ಮತ್ತು ಬಟವಾಡೆ. ಪಲ್ಪರ್ ಯಂತ್ರದ ಬಳಕೆ, ಸಣ್ಣ ರಿಪೇರಿ. ಪಾರ್ಚ್‌ಮೆಂಟ್ (ಸಿಪ್ಪೆ ಬಿಡಿಸಿದ) ಮತ್ತು ಚೆರಿ (ಸಿಪ್ಪೆ ಸಮೇತದ) ಕಾಫಿ ಒಣಗಿಸುವಿಕೆ, ತೇವಾಂಶ ತಪಾಸಣೆ. ಗೊಬ್ಬರ, ಔಷಧಿಯ ಸ್ಟಾಕ್ ಪುಸ್ತಕ. ಸಾಗಣೆ ದಾಖಲೆ."

ಇದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ, ಉಬ್ಬಿಸಿ ಹೇಳಿದ್ದೂ ಇಲ್ಲ. ಆದರೆ ಇದನ್ನು ಓದಿದ ಗೋದಾಮಿನ ಮ್ಯಾನೇಜರ್‌ಗೆ, ರೈತ ಉತ್ಪಾದಕ ಕಂಪನಿಯವರಿಗೆ, ಕ್ಯೂರಿಂಗ್ ವರ್ಕ್ಸ್‌ನವರಿಗೆ ತಕ್ಷಣ ಗೊತ್ತಾಗುತ್ತದೆ: ಈ ಮನುಷ್ಯನಿಗೆ ಸ್ಟೋರ್ ಕೊಡಬಹುದು, ಲೆಕ್ಕ ಕೊಡಬಹುದು, ಜನರನ್ನು ಕೊಡಬಹುದು.

ನಿಮ್ಮ ಕೆಲಸಕ್ಕೂ ಇದೇ ರೀತಿ ಮಾಡಿ. ಸೂತ್ರ ಸುಲಭ. "ನಾನು ಇಂಥವನು" ಅಂತ ಬರೆಯಬೇಡಿ, "ನಾನು ಇಂಥದ್ದು ಮಾಡುತ್ತೇನೆ" ಅಂತ ಬರೆಯಿರಿ. "ಕಷ್ಟಪಟ್ಟು ದುಡಿಯುತ್ತೇನೆ, ಪ್ರಾಮಾಣಿಕ" ಅಂತ ಎಲ್ಲರೂ ಬರೆಯುತ್ತಾರೆ, ಅದನ್ನು ಯಾರೂ ಓದುವುದಿಲ್ಲ. ಹೋಮ್‌ಸ್ಟೇ ನಡೆಸಿದವರು "ಅತಿಥಿಗಳ ಆನ್‌ಲೈನ್ ಬುಕಿಂಗ್, ಹಿಂದಿ ಮತ್ತು ಇಂಗ್ಲಿಷ್‌ನಲ್ಲಿ ಮಾತುಕತೆ, ಇಷ್ಟು ಜನಕ್ಕೆ ಅಡುಗೆಯ ಸಾಮಾನಿನ ಲೆಕ್ಕ" ಅಂತ ಬರೆಯಲಿ. ಮನೆಯಲ್ಲೇ ಹೊಲಿಯುವವರು ಯಾವ ಯಾವ ಬಗೆಯ ಬ್ಲೌಸ್, ಯೂನಿಫಾರ್ಮ್ ಕಟ್ಟಿಂಗ್ ಬರುತ್ತದೆ ಅಂತ ಬರೆಯಲಿ.

2. ಹಳೇ ಕಾಗದ ಹುಡುಕಿ, ಹೆಸರು ಸರಿ ಮಾಡಿಸಿ

ಬೇಸರದ ಕೆಲಸ, ಆದರೆ ಈಗಲೇ ಮಾಡಿಬಿಡಿ. ಮಾರ್ಕ್ಸ್ ಕಾರ್ಡ್, ಟಿಸಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಎಲ್ಲವನ್ನೂ ಒಂದು ಫೈಲಿಗೆ ಹಾಕಿ. ಮಾರ್ಕ್ಸ್ ಕಾರ್ಡ್ ಕಳೆದಿದ್ದರೆ ಓದಿದ ಶಾಲೆಗೆ ಹೋಗಿ ಮುಖ್ಯ ಶಿಕ್ಷಕರನ್ನು ಕಾಣಿ. ಡುಪ್ಲಿಕೇಟ್ ತೆಗೆಸುವ ದಾರಿ ಅಲ್ಲಿಂದಲೇ ಶುರು.

ಎಲ್ಲಕ್ಕಿಂತ ಜಾಸ್ತಿ ತೊಂದರೆ ಕೊಡುವುದು ಹೆಸರು. ಮಾರ್ಕ್ಸ್ ಕಾರ್ಡ್‌ನಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನಿಷಿಯಲ್ಲೇ ಇಲ್ಲ. ಅರ್ಜಿ ಹಾಕುವ ದಿನ ಕಂಪ್ಯೂಟರ್ ಇದನ್ನು ಒಪ್ಪುವುದಿಲ್ಲ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ಇದ್ದಂತೆ ಉಳಿದದ್ದನ್ನು ಸರಿ ಮಾಡಿಸಿಕೊಳ್ಳಿ. ಆಧಾರ್‌ನಲ್ಲಿ ಹುಟ್ಟಿದ ದಿನಾಂಕವನ್ನು ಒಮ್ಮೆ ಮಾತ್ರ, ಹೆಸರನ್ನು ಎರಡು ಸಲ ಮಾತ್ರ ಬದಲಾಯಿಸಲು ಬಿಡುತ್ತಾರೆ. ಹಾಗಾಗಿ ಅಂದಾಜಿನ ಮೇಲೆ ತಿದ್ದಿಸಬೇಡಿ, ಮಾರ್ಕ್ಸ್ ಕಾರ್ಡ್ ಕೈಯಲ್ಲಿ ಹಿಡಿದೇ ಹೋಗಿ.

ಮೊದಲು ಯಾವುದಾದರೂ ಗಾರ್ಮೆಂಟ್ಸ್‌ನಲ್ಲೋ ಫ್ಯಾಕ್ಟರಿಯಲ್ಲೋ ಇದ್ದಿದ್ದರೆ ಪಿಎಫ್ ಖಾತೆಗೆ ಕೊಟ್ಟ ಯುಎಎನ್ ನಂಬರ್ ಹುಡುಕಿ. ಎಕ್ಸ್‌ಪೀರಿಯೆನ್ಸ್ ಲೆಟರ್ ಇಲ್ಲದಿದ್ದರೂ ಪರವಾಗಿಲ್ಲ. ಯಾವ ತಿಂಗಳಿಂದ ಯಾವ ತಿಂಗಳವರೆಗೆ ಎಲ್ಲಿದ್ದಿರಿ ಅನ್ನುವುದು ಅದರಲ್ಲೇ ಸಿಗುತ್ತದೆ.

3. ನಿಮ್ಮ ಕೆಲಸಕ್ಕೆ ಕಾಗದ ಬೇಕೋ ಬೇಡವೋ ನೋಡಿ

ದುಡ್ಡು ಉಳಿಯುವುದೂ ಹೋಗುವುದೂ ಇಲ್ಲೇ. ಕೆಲಸಗಳನ್ನು ಮೂರು ಗುಂಪು ಮಾಡಿಕೊಳ್ಳಿ.

ಮೊದಲನೇದು, ಕಾನೂನೇ ಕಾಗದ ಕೇಳುವ ಕೆಲಸ. ಮನೆಗೆ ವೈರಿಂಗ್ ಮಾಡುವುದು ನಿಮಗೆ ಚೆನ್ನಾಗಿ ಬರಬಹುದು. ಆದರೆ ನಿಮ್ಮ ಹೆಸರಿನಲ್ಲೇ ಕೆಲಸ ಹಿಡಿಯಬೇಕಾದರೆ ವಿದ್ಯುತ್ ಪರಿವೀಕ್ಷಣಾ ಇಲಾಖೆಯ ವೈರ್‌ಮನ್ ಪರ್ಮಿಟ್, ಮುಂದೆ ಕಾಂಟ್ರಾಕ್ಟರ್ ಲೈಸೆನ್ಸ್ ಬೇಕು. ಹೊಸ ಮನೆಗೆ ಕರೆಂಟ್ ಕನೆಕ್ಷನ್ ತಗೊಳ್ಳುವಾಗ ವಿದ್ಯುತ್ ಕಂಪನಿ, ಹಾಸನದಲ್ಲಿ ಸೆಸ್ಕ್ ಆಗಲಿ ಚಿಕ್ಕಮಗಳೂರಿನಲ್ಲಿ ಮೆಸ್ಕಾಂ ಆಗಲಿ, ಲೈಸೆನ್ಸ್ ಇರುವ ಕಾಂಟ್ರಾಕ್ಟರ್ ಸಹಿ ಕೇಳುತ್ತದೆ. ಎಷ್ಟೋ ಹುಡುಗರು ಕೆಲಸವೆಲ್ಲ ತಾವೇ ಮಾಡಿ, ಸಹಿಗೆ ಇನ್ನೊಬ್ಬರ ಮನೆ ಬಾಗಿಲಿಗೆ ಹೋಗುತ್ತಾರೆ. ತಿಂಡಿ, ಚಾಕೊಲೇಟ್, ಉಪ್ಪಿನಕಾಯಿ ಮಾಡಿ ಮಾರುವವರಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು. ಡ್ರೈವಿಂಗ್‌ಗೆ ಲೈಸೆನ್ಸ್ ಬೇಕು ಅಂತ ಎಲ್ಲರಿಗೂ ಗೊತ್ತು. ಆದರೆ ಟ್ರಾನ್ಸ್‌ಪೋರ್ಟ್ ವಾಹನ ಓಡಿಸಲು 8ನೇ ಕ್ಲಾಸ್ ಪಾಸಾಗಿರಬೇಕು ಅನ್ನುವ ನಿಯಮವನ್ನು 2019ರಲ್ಲೇ ತೆಗೆದರು. ಆರನೇ ಕ್ಲಾಸಿಗೆ ಶಾಲೆ ಬಿಟ್ಟ ಕಾರಣಕ್ಕೆ ಲಾರಿ, ಬಸ್ ಲೈಸೆನ್ಸ್ ಸಿಗಲ್ಲ ಅಂದುಕೊಂಡವರು ಈಗಲೂ ಇದ್ದಾರೆ. ಅವರಿಗೆ ಇದನ್ನು ತಿಳಿಸಿ.

ಎರಡನೇದು, ನೇಮಕಾತಿ ನಿಯಮ ಕಾಗದ ಕೇಳುವ ಕೆಲಸ. ಸರ್ಕಾರಿ ನೌಕರಿ ಎಲ್ಲವೂ ಇದರಲ್ಲಿ ಬರುತ್ತದೆ. ಇಲ್ಲಿ ವಾದ ಮಾಡಿ ಪ್ರಯೋಜನ ಇಲ್ಲ. ಎಸ್‌ಎಸ್‌ಎಲ್‌ಸಿ ಅಂದರೆ ಎಸ್‌ಎಸ್‌ಎಲ್‌ಸಿ. ಹಾಸನದಲ್ಲೇ 1982ರಿಂದ ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. ಅಂಥ ಕಡೆ ಇಂಜಿನಿಯರ್‌ಗಳ ಜೊತೆಗೆ ಐಟಿಐ, ಡಿಪ್ಲೊಮಾ ಓದಿದ ತಂತ್ರಜ್ಞರಿಗೂ ಜಾಗ ಇರುತ್ತದೆ, ಆದರೆ ಆ ಕಾಗದ ಇರಲೇಬೇಕು.

ಮೂರನೇದು, ಕೆಲಸ ನೋಡಿ ದುಡ್ಡು ಕೊಡುವ ಕ್ಷೇತ್ರ. ಫೋಟೋ, ವಿಡಿಯೋ ಎಡಿಟಿಂಗ್, ಡಿಸೈನ್, ವೆಬ್‌ಸೈಟ್ ಮಾಡುವುದು, ಟೈಲರಿಂಗ್, ಮೊಬೈಲ್ ರಿಪೇರಿ, ಮರಗೆಲಸ. ಇಲ್ಲಿ ಸರ್ಟಿಫಿಕೇಟ್‌ಗೆ ಸಾವಿರಾರು ರೂಪಾಯಿ ಸುರಿಯಬೇಡಿ. ಊರೂರಲ್ಲಿ "ಸರ್ಕಾರಿ ಮಾನ್ಯತೆ ಪಡೆದ ಡಿಪ್ಲೊಮಾ" ಅಂತ ಬೋರ್ಡ್ ಹಾಕಿರುತ್ತಾರೆ. ಒಳಗೆ ಹೋಗಿ ಒಂದೇ ಪ್ರಶ್ನೆ ಕೇಳಿ: "ಸರ್ಟಿಫಿಕೇಟ್ ಮೇಲೆ ಯಾರ ಸಹಿ, ಯಾವ ಮಂಡಳಿ ಪರೀಕ್ಷೆ ಮಾಡುತ್ತದೆ?" ಉತ್ತರ ನೇರವಾಗಿ ಬರದಿದ್ದರೆ ದುಡ್ಡು ಕಟ್ಟಬೇಡಿ, ಹೊರಗೆ ಬನ್ನಿ.

ಕಂಪ್ಯೂಟರ್ ಕೆಲಸದಲ್ಲಿ ಒಂದು ಕಾಗದ ಮಾತ್ರ ನಮ್ಮ ರಾಜ್ಯದಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಅದು ಶಾಲಾ ಪರೀಕ್ಷಾ ಮಂಡಳಿ ನಡೆಸುವ ಟೈಪಿಂಗ್ ಪರೀಕ್ಷೆ, ಜೂನಿಯರ್ ಮತ್ತು ಸೀನಿಯರ್. ಕೋರ್ಟು, ಕಚೇರಿಗಳ ಬೆರಳಚ್ಚುಗಾರ ಹುದ್ದೆಗೆ ಅದನ್ನೇ ಕೇಳುವುದು. ಕನ್ನಡ, ಇಂಗ್ಲಿಷ್ ಎರಡೂ ಮಾಡಿಕೊಳ್ಳಿ.

4. ನಿಂತುಹೋದ ಓದನ್ನು ಮುಂದುವರಿಸುವುದು

ಎರಡನೇ ಗುಂಪಿನ ಕೆಲಸ ಬೇಕು ಅನ್ನುವವರು ಇದನ್ನು ಗಮನವಿಟ್ಟು ಓದಿ. ಉಳಿದವರು ಮುಂದಕ್ಕೆ ಹೋಗಬಹುದು.

ಎಸ್‌ಎಸ್‌ಎಲ್‌ಸಿಯಲ್ಲಿ ಒಂದೆರಡು ವಿಷಯ ಬಾಕಿ ಇದ್ದರೆ ಮತ್ತೆ ಬರೆಯಬಹುದು, ವಯಸ್ಸು ಅಡ್ಡ ಬರುವುದಿಲ್ಲ. ಹೈಸ್ಕೂಲಿಗೇ ಹೋಗದವರು 15 ವರ್ಷ ತುಂಬಿದ್ದರೆ ಖಾಸಗಿ ಅಭ್ಯರ್ಥಿಯಾಗಿ ನೇರವಾಗಿ ಪರೀಕ್ಷೆಗೆ ಕಟ್ಟಬಹುದು. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇಡುತ್ತಾರೆ. ಇದು ನಮ್ಮ ಕಡೆಯವರಿಗೆ ದೊಡ್ಡ ಅನುಕೂಲ. ಯಾಕೆಂದರೆ ಮಾರ್ಚ್ ಪರೀಕ್ಷೆ ರೊಬಸ್ಟಾ ಕುಯ್ಲು, ಮೆಣಸಿನ ಕುಯ್ಲಿನ ಜೊತೆಗೇ ಬರುತ್ತದೆ. ದುಡಿಯುವವರಿಗೆ ಆಗ ಓದಲು ಪುರುಸೊತ್ತು ಎಲ್ಲಿ? ಮುಂದಿನ ಅವಕಾಶ ಕುಯ್ಲು ಮುಗಿದ ಮೇಲೆ ಸಿಗುತ್ತದೆ. ಪಿಯುಸಿಯನ್ನೂ ಕಲಾ ಅಥವಾ ವಾಣಿಜ್ಯ ವಿಭಾಗದಲ್ಲಿ ಖಾಸಗಿಯಾಗಿ ಬರೆಯಬಹುದು. ವಿಜ್ಞಾನಕ್ಕೆ ಲ್ಯಾಬ್ ಇರುವುದರಿಂದ ಕಾಲೇಜಿಗೇ ಸೇರಬೇಕು.

ಡಿಗ್ರಿಗೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಇದೆ. ಮೈಸೂರಿನಲ್ಲಿ 1996ರಲ್ಲಿ ಶುರುವಾದದ್ದು. ಪ್ರಾದೇಶಿಕ ಕೇಂದ್ರಗಳೂ ಇರುವುದರಿಂದ ಪ್ರತಿಯೊಂದಕ್ಕೂ ಮೈಸೂರಿಗೆ ಓಡಬೇಕಿಲ್ಲ. ಹಾಗೇ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯವೂ ಇದೆ. ಯಾವುದಕ್ಕೆ ಸೇರಿದರೂ ಆ ವರ್ಷ, ಆ ಕೋರ್ಸ್‌ಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಒಪ್ಪಿಗೆ ಇದೆಯಾ ಅಂತ ಯುಜಿಸಿಯ ದೂರಶಿಕ್ಷಣ ವೆಬ್‌ಸೈಟ್‌ನಲ್ಲಿ ನೋಡಿ. "ಪಿಯುಸಿ ಬೇಡ, ಒಂದೇ ವರ್ಷಕ್ಕೆ ಡಿಗ್ರಿ ಕೊಡಿಸ್ತೀವಿ" ಅನ್ನುವವರ ಹತ್ತಿರ ಹೋಗಲೇಬೇಡಿ. ಆ ಕಾಗದ ಹಿಡಿದು ಸರ್ಕಾರಿ ಕೆಲಸಕ್ಕೆ ಹೋದರೆ ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತೀರಿ.

ಕೈಕೆಲಸದಲ್ಲಿ ಆಸಕ್ತಿ ಇರುವವರಿಗೆ ನಾನು ಜಾಸ್ತಿ ಒತ್ತಿ ಹೇಳುವ ದಾರಿ ಬೇರೆ. ಎಸ್‌ಎಸ್‌ಎಲ್‌ಸಿ ಆದಮೇಲೆ ಎರಡು ವರ್ಷದ ಐಟಿಐ, ಅಲ್ಲಿಂದ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಪ್ರವೇಶ, ಅಲ್ಲಿಂದ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಬಿ.ಇ. ಎರಡನೇ ವರ್ಷಕ್ಕೆ. ಹಾಸನದ ಮಲೆನಾಡು ಇಂಜಿನಿಯರಿಂಗ್ ಕಾಲೇಜು 1960ರದ್ದು, ಚಿಕ್ಕಮಗಳೂರಿನಲ್ಲಿ ಆದಿಚುಂಚನಗಿರಿ ತಾಂತ್ರಿಕ ವಿದ್ಯಾಲಯ ಇದೆ. ಪಿಯುಸಿ ಸೈನ್ಸ್ ಓದದೆಯೂ ಇವುಗಳ ಬಾಗಿಲು ತಟ್ಟಬಹುದು ಅಂತ ಹಳ್ಳಿಯ ಎಷ್ಟೋ ಅಪ್ಪ ಅಮ್ಮಂದಿರಿಗೆ ಗೊತ್ತಿಲ್ಲ. ಮಧ್ಯದಲ್ಲಿ ಎಲ್ಲಿ ನಿಂತರೂ ಕೈಯಲ್ಲಿ ಒಂದು ಬೆಲೆಯಿರುವ ಕಾಗದ ಇರುತ್ತದೆ. ಡಿಪ್ಲೊಮಾ ಅಂದರೆ ಮೂಗು ಮುರಿಯುವವರಿಗೆ ಹೇಳಿ: ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಎಚ್.ಡಿ. ದೇವೇಗೌಡರು ಓದಿದ್ದು ಹಾಸನದ ಎಲ್.ವಿ. ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ. 1996ರಲ್ಲಿ ಅವರು ದೇಶದ ಪ್ರಧಾನಿಯಾದರು.

ಹೆಣ್ಣುಮಕ್ಕಳಿಗೆ ಒಂದು ಮಾತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್‌ಗೆ ದುಡ್ಡಿಲ್ಲ. ಅರಕಲಗೂಡಿನಿಂದ ಹಾಸನಕ್ಕೆ, ಕಡೂರಿನಿಂದ ಚಿಕ್ಕಮಗಳೂರಿಗೆ ಕ್ಲಾಸಿಗೆ ಹೋಗಿಬರಲು ಬಸ್ ಚಾರ್ಜ್ ಒಂದು ಕಾರಣವಾಗಿ ಉಳಿದಿಲ್ಲ. ಮನೆಯಲ್ಲಿ ಮಾತಾಡುವಾಗ ಇದನ್ನೂ ಹೇಳಿ.

5. ಈಗಾಗಲೇ ಬರುವ ಕೆಲಸಕ್ಕೆ ಸರ್ಟಿಫಿಕೇಟ್

ಹೊಸದಾಗಿ ಕಲಿಯದೆ, ಬರುವ ಕೆಲಸವನ್ನೇ ಪರೀಕ್ಷೆ ಮಾಡಿ ಕಾಗದ ಕೊಡುವ ವ್ಯವಸ್ಥೆಯೂ ಇದೆ. ಕೇಂದ್ರದ ಕೌಶಲ ಯೋಜನೆಯಲ್ಲಿ ಇದಕ್ಕೆ ಆರ್‌ಪಿಎಲ್ ಅಂತಾರೆ. ಸ್ವಲ್ಪ ದಿನದ ತಯಾರಿ, ಆಮೇಲೆ ಒಂದು ಮೌಲ್ಯಮಾಪನ, ಪಾಸಾದರೆ ಸರ್ಟಿಫಿಕೇಟ್. ನಿಮ್ಮ ಕೆಲಸಕ್ಕೆ ಸದ್ಯ ತಂಡ ನಡೆಯುತ್ತಿದೆಯಾ ಅಂತ ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಯಲ್ಲಿ ಕೇಳಿ.

ಕೈಕಸುಬಿನವರಿಗೆ ಪಿಎಂ ವಿಶ್ವಕರ್ಮ ಯೋಜನೆ ಇದೆ. 2023ರ ಸೆಪ್ಟೆಂಬರ್ 17ರಂದು ಶುರುವಾಯಿತು. 18 ಕಸುಬುಗಳಿಗೆ ಅನ್ವಯ. ಬಡಗಿ, ಕಮ್ಮಾರ, ಅಕ್ಕಸಾಲಿಗ, ಕುಂಬಾರ, ಗಾರೆ ಕೆಲಸದವರು, ಟೈಲರ್, ಕ್ಷೌರಿಕ, ಹೂಮಾಲೆ ಕಟ್ಟುವವರು, ಬುಟ್ಟಿ ಹೆಣೆಯುವವರು, ಕಲ್ಲು ಕೆತ್ತುವವರು ಎಲ್ಲರೂ ಬರುತ್ತಾರೆ. ಬೇಲೂರು, ಹಳೇಬೀಡು ಕಡೆ ಕಲ್ಲು ಕೆತ್ತುವವರಿದ್ದರೆ ಇದನ್ನು ಬಿಡಬೇಡಿ. ಮೊದಲ ತರಬೇತಿ 5ರಿಂದ 7 ದಿನ, ದಿನಕ್ಕೆ 500 ರೂಪಾಯಿ ಭತ್ಯೆ. ಸಲಕರಣೆಗೆ 15,000 ರೂಪಾಯಿ ವೋಚರ್. ಮೇಲೆ ಗ್ಯಾರಂಟಿ ಇಲ್ಲದೆ ಮೊದಲು 1 ಲಕ್ಷ, ತೀರಿಸಿದ ಮೇಲೆ 2 ಲಕ್ಷದವರೆಗೆ ಶೇ. 5ರ ಬಡ್ಡಿಗೆ ಸಾಲ. 18 ವರ್ಷ ತುಂಬಿರಬೇಕು, ಒಂದು ಕುಟುಂಬಕ್ಕೆ ಒಬ್ಬರು ಮಾತ್ರ, ಸರ್ಕಾರಿ ನೌಕರರ ಕುಟುಂಬಕ್ಕೆ ಇಲ್ಲ. ಅರ್ಜಿ ಸಿಎಸ್‌ಸಿ (ಸಾಮಾನ್ಯ ಸೇವಾ) ಕೇಂದ್ರದಲ್ಲಿ ಹಾಕುತ್ತೀರಿ, ಮೊದಲ ಪರಿಶೀಲನೆ ಗ್ರಾಮ ಪಂಚಾಯಿತಿಯಲ್ಲಿ ಆಗುತ್ತದೆ. ಅರ್ಜಿ ಹಾಕಿ ಮನೆಯಲ್ಲಿ ಕೂತರೆ ಅದು ಅಲ್ಲೇ ಕೂತಿರುತ್ತದೆ. ಪಂಚಾಯಿತಿಗೆ ಹೋಗಿ ಕೇಳಿ.

ಮೊಬೈಲ್ ರಿಪೇರಿ, ಮೋಟರ್ ರಿವೈಂಡಿಂಗ್ ಆ 18ರ ಪಟ್ಟಿಯಲ್ಲಿ ಇಲ್ಲ. ಅಂಥವರಿಗೆ ಆರ್‌ಸೆಟಿ, ಅಂದರೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ, ಒಳ್ಳೆಯದು. ಇದರ ಬೇರು ನಮ್ಮ ಪಕ್ಕದಲ್ಲೇ ಇದೆ. ಚಾರ್ಮಾಡಿ ಘಾಟಿ ಇಳಿದರೆ ಸಿಗುವ ಉಜಿರೆಯಲ್ಲಿ 1982ರಲ್ಲಿ ಧರ್ಮಸ್ಥಳ ಮತ್ತು ಎರಡು ಬ್ಯಾಂಕುಗಳು ಸೇರಿ ರುಡ್‌ಸೆಟ್ ಅನ್ನುವ ತರಬೇತಿ ಸಂಸ್ಥೆ ಶುರು ಮಾಡಿದವು. ಅದೇ ಮಾದರಿಯನ್ನು ಆಮೇಲೆ ದೇಶದ ಜಿಲ್ಲೆ ಜಿಲ್ಲೆಗೂ ತಂದರು. ಊಟ, ವಸತಿ, ತರಬೇತಿ ಎಲ್ಲ ಉಚಿತ. ಬ್ಯಾಂಕೇ ನಡೆಸುವುದರಿಂದ ಆ ಸರ್ಟಿಫಿಕೇಟ್ ಇಟ್ಟುಕೊಂಡು ಸಾಲ ಕೇಳುವುದೂ ಸ್ವಲ್ಪ ಸಲೀಸು. ಬ್ಯಾಚ್ ಯಾವಾಗ ಅಂತ ತಿಳಿಯಲು ಜಿಲ್ಲೆಯ ಮುಖ್ಯ ಬ್ಯಾಂಕ್ ಆದ ಲೀಡ್ ಬ್ಯಾಂಕ್‌ನಲ್ಲಿ ವಿಚಾರಿಸಿ.

ಕಾಫಿಯಲ್ಲೇ ಮುಂದೆ ಹೋಗಬೇಕು ಅನ್ನುವ ಡಿಗ್ರಿಯವರು ಕಾಫಿ ಮಂಡಳಿಯ ಕಾಫಿ ಗುಣಮಟ್ಟದ ಸ್ನಾತಕೋತ್ತರ ಡಿಪ್ಲೊಮಾ ಬಗ್ಗೆ ಓದಿಕೊಳ್ಳಿ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಇದೆ. ಕಣದ ಕೆಲಸ ಗೊತ್ತಿರುವವರು ಕಾಫಿಯ ರುಚಿ ನೋಡಿ ಅಳೆಯುವ ಕಪ್ಪಿಂಗ್ ಟೇಬಲ್‌ಗೆ ಬಂದರೆ, ಪುಸ್ತಕದಲ್ಲಿ ಮಾತ್ರ ಓದಿದವರಿಗಿಂತ ಬೇಗ ಹಿಡಿಯುತ್ತಾರೆ ಅನ್ನುವುದು ನನ್ನ ಗಟ್ಟಿ ನಂಬಿಕೆ.

6. ಸ್ವಂತ ಕಲಿಯುವವರು ಕಾಲ ನೋಡಿ ಕಲಿಯಿರಿ

"ದಿನಾ ಎರಡು ಗಂಟೆ ಓದಿ" ಅನ್ನುವ ಸಲಹೆ ಬೆಂಗಳೂರಿನ ರೂಮಿಗೆ ಸರಿ. ನಮ್ಮಲ್ಲಿ ವರ್ಷ ಹಾಗೆ ನಡೆಯುವುದಿಲ್ಲ. ನವೆಂಬರ್‌ನಿಂದ ಅರೇಬಿಕಾ ಕುಯ್ಲು, ಆಮೇಲೆ ರೊಬಸ್ಟಾ, ಮೆಣಸು. ಹಾಸನದ ಬಯಲಿನಲ್ಲಿ ಮೇ, ಜೂನ್ ಬಂದರೆ ಆಲೂಗಡ್ಡೆ ಬಿತ್ತನೆ. ಹಾಗಾಗಿ ಕಲಿಯುವ ಕಾಲವನ್ನು ನಿಮ್ಮ ಬೆಳೆ ನೋಡಿ ಹಾಕಿಕೊಳ್ಳಿ. ಮಲೆನಾಡಿನವರಿಗೆ ಜುಲೈ, ಆಗಸ್ಟ್‌ನ ಮಳೆಗಾಲ ಒಳ್ಳೆಯ ಸಮಯ. ಆದರೆ ಆಗ ಗಾಳಿಗೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇರುವುದಿಲ್ಲ, ನೆಟ್‌ವರ್ಕ್ ಕೂಡ ಹೋಗುತ್ತದೆ. ಮಳೆ ಹಿಡಿಯುವ ಮುಂಚೆಯೇ ಪಾಠಗಳನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಪೇಟೆಗೆ ಹೋದಾಗ, ಅಥವಾ ಕಂಪ್ಯೂಟರ್ ಇರುವ ಪಂಚಾಯಿತಿ ಅರಿವು ಕೇಂದ್ರದಲ್ಲಿ (ಗ್ರಂಥಾಲಯದಲ್ಲಿ).

ಕನ್ನಡದಲ್ಲೇ ಕಂಪ್ಯೂಟರ್ ಕಲಿಯಬೇಕು ಅನ್ನುವವರಿಗೆ ಬಾಂಬೆ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಇದೆ. ಹತ್ತು ಹದಿನೈದು ನಿಮಿಷದ ಪಾಠಗಳು, ಉಚಿತ, ಡೌನ್‌ಲೋಡ್ ಮಾಡಿಕೊಳ್ಳಬಹುದು. ಕಚೇರಿ ಕೆಲಸದ ಲಿಬ್ರೆ ಆಫೀಸ್‌ನಿಂದ ಶುರು ಮಾಡಿ ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್‌ವರೆಗೆ ಹೋಗಬಹುದು. ಇಂಗ್ಲಿಷ್ ತೊಂದರೆಯಿಲ್ಲದವರಿಗೆ 2017ರಲ್ಲಿ ಶುರುವಾದ ಕೇಂದ್ರ ಸರ್ಕಾರದ "ಸ್ವಯಂ" ಜಾಲತಾಣದಲ್ಲಿ ಕಾಲೇಜು ಮಟ್ಟದ ಕೋರ್ಸ್‌ಗಳಿವೆ. ಕಲಿಯಲು ಉಚಿತ, ಸರ್ಟಿಫಿಕೇಟ್ ಬೇಕಾದರೆ ಮಾತ್ರ ಪರೀಕ್ಷೆಗೆ ಶುಲ್ಕ.

ಒಂದು ವಿಷಯ ಮುಗಿಯುವವರೆಗೆ ಇನ್ನೊಂದಕ್ಕೆ ಕೈಹಾಕಬೇಡಿ. ಮುಗಿಯುವುದು ಅಂದರೆ ವಿಡಿಯೋ ನೋಡಿ ಮುಗಿಸುವುದಲ್ಲ, ಯಾರಿಗಾದರೂ ಉಪಯೋಗವಾಗುವ ಒಂದು ಕೆಲಸ ಮಾಡಿಕೊಡುವುದು. ಸ್ಪ್ರೆಡ್‌ಶೀಟ್ ಕಲಿತಿರಾ? ಊರಿನ ಹಾಲಿನ ಡೇರಿಯ ಲೆಕ್ಕವನ್ನು ಅದರಲ್ಲಿ ಹಾಕಿ ಕಾರ್ಯದರ್ಶಿಗೆ ತೋರಿಸಿ. ಅವರು ಹೇಳುವ ತಪ್ಪುಗಳೇ ನಿಮ್ಮ ಮುಂದಿನ ಪಾಠ.

7. ಪುರಾವೆ ಕೂಡಿಡಿ

ಇವತ್ತಿನಿಂದಲೇ ಶುರು ಮಾಡಿ. ಮಾಡಿದ ಕೆಲಸದ ಮುಂಚಿನ ಫೋಟೋ, ಆದಮೇಲಿನ ಫೋಟೋ, ತಾರೀಖು. ಮೋಟರ್ ವೈಂಡಿಂಗ್ ಮಾಡುವವರು ಎಷ್ಟು ಎಚ್‌ಪಿ, ಎಷ್ಟು ಸ್ಲಾಟ್, ಯಾವ ಗೇಜ್ ವೈರ್, ಎಷ್ಟು ಸುತ್ತು, ಏನು ದೋಷ ಇತ್ತು ಅಂತ ಪುಸ್ತಕದಲ್ಲಿ ಬರೆದಿಡುತ್ತಾರಲ್ಲ, ಆ ಪುಸ್ತಕವೇ ದೊಡ್ಡ ಪುರಾವೆ. ಕೆಲಸ ಕೇಳಲು ಹೋಗುವಾಗ ಅದರ ನಾಲ್ಕು ಪುಟದ ಫೋಟೋ ತಗೊಂಡು ಹೋಗಿ. ಕೆಲಸ ಗೊತ್ತಿರುವ ಮಾಲೀಕರು ಅದನ್ನು ನೋಡಿದರೆ ಮಾರ್ಕ್ಸ್ ಕಾರ್ಡ್ ಕೇಳುವುದಿಲ್ಲ.

ಎಲ್ಲವನ್ನೂ ತೋರಿಸಲು ಹೋಗಬೇಡಿ. ಚೆನ್ನಾಗಿ ಬಂದ ಮೂರೋ ನಾಲ್ಕೋ ಸಾಕು. ಗಿರಾಕಿಗಳ ಮನೆಯ ಫೋಟೋ, ಫೋನ್ ನಂಬರ್ ಕೊಡುವ ಮುಂಚೆ ಅವರನ್ನು ಒಂದು ಮಾತು ಕೇಳಿ.

8. ಒಂದು ಪುಟದ ಬಯೋಡಾಟಾ

ಹೆಸರು, ಊರು, ಫೋನ್ ಆದಮೇಲೆ ಮೊದಲು ಬರಬೇಕಾದ್ದು "ನಾನು ಮಾಡಬಲ್ಲ ಕೆಲಸ". ಆಮೇಲೆ ಅನುಭವ, ಆಮೇಲೆ ಓದು. ತಂದೆಯ ಕೆಲಸ, ಎತ್ತರ, ಹವ್ಯಾಸ ಯಾವುದೂ ಬೇಡ. ಓದು ಅರ್ಧಕ್ಕೆ ನಿಂತಿದ್ದರೆ ಮುಚ್ಚಿಡಬೇಡಿ: "ದ್ವಿತೀಯ ಪಿಯುಸಿ, ಒಂದು ವಿಷಯ ಬಾಕಿ, ಮುಂದಿನ ಪರೀಕ್ಷೆಗೆ ಕಟ್ಟಿದ್ದೇನೆ" ಅಂತ ನೇರವಾಗಿ ಬರೆಯಿರಿ. ಕನ್ನಡದಲ್ಲಿ ಒಂದು, ಇಂಗ್ಲಿಷ್‌ನಲ್ಲಿ ಒಂದು ಇರಲಿ.

ಕೆಲಸ ಪದೇ ಪದೇ ಬದಲಾಯಿಸಿದವರು ಹೆದರುವುದು ಬೇಡ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ದಾರಿ ನೋಡಿ. ಸೈನ್ಯದಲ್ಲಿದ್ದರು. ಬಿಟ್ಟು ಬಂದು ಜಾವಗಲ್ ಹತ್ತಿರ ಬೇಸಾಯ, ರೇಷ್ಮೆ ಮಾಡಿದರು, ಅದಕ್ಕೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ಮುಂದೆ ಹೆಲಿಕಾಪ್ಟರ್ ಕಂಪನಿ, 2003ರಲ್ಲಿ ವಿಮಾನ ಕಂಪನಿ ಏರ್ ಡೆಕ್ಕನ್. ಕಾಗದದ ಮೇಲೆ ನೋಡಿದರೆ ಒಂದಕ್ಕೊಂದು ಸಂಬಂಧವೇ ಇಲ್ಲ. ನಿಮ್ಮದೂ ಹಾಗೇ ಇದ್ದರೆ ಪ್ರತಿ ಕೆಲಸದ ಕೆಳಗೆ ಒಂದು ಸಾಲು ಸೇರಿಸಿ: ಇಲ್ಲಿಂದ ಮುಂದಿನ ಕೆಲಸಕ್ಕೆ ಏನು ಕಲಿತುಕೊಂಡು ಹೋದೆ ಅಂತ. ಗಾರ್ಮೆಂಟ್ಸ್‌ನಲ್ಲಿ ಬ್ಯಾಚ್ ಲೆಕ್ಕ ಇಡುವುದು ಕಲಿತದ್ದು ಹೋಮ್‌ಸ್ಟೇಯ ಸ್ಟೋರಿನಲ್ಲಿ ಉಪಯೋಗಕ್ಕೆ ಬಂತು ಅಂದರೆ ಓದುವವರಿಗೆ ದಾರಿ ಕಾಣುತ್ತದೆ.

9. ಕೊಡುವುದು ಎಲ್ಲಿ

ಜಿಲ್ಲಾ ಉದ್ಯೋಗ ವಿನಿಮಯ ಕೇಂದ್ರ, ರಾಜ್ಯದ ಸ್ಕಿಲ್ ಕನೆಕ್ಟ್ ಪೋರ್ಟಲ್, ಉದ್ಯೋಗ ಮೇಳ ಮೂರೂ ಕಡೆ ಹೆಸರು ಹಾಕಿಸಿ. ಐಟಿಐ ಆದವರು ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲೂ ನೋಂದಾಯಿಸಿ. ಡಿಗ್ರಿ, ಡಿಪ್ಲೊಮಾ ಮುಗಿದು 180 ದಿನ ಕೆಲಸ ಸಿಗದಿದ್ದರೆ ರಾಜ್ಯದ ಯುವನಿಧಿ ಭತ್ಯೆಗೆ ಅರ್ಜಿ ಹಾಕಬಹುದು: ಡಿಗ್ರಿಗೆ ತಿಂಗಳಿಗೆ 3,000, ಡಿಪ್ಲೊಮಾಗೆ 1,500 ರೂಪಾಯಿ, ಎರಡು ವರ್ಷದವರೆಗೆ. ಆದರೆ ಸಣ್ಣ ಊರುಗಳಲ್ಲಿ ಹೆಚ್ಚಿನ ಕೆಲಸ ಬಾಯಿಮಾತಿನಲ್ಲೇ ಸಿಗುತ್ತದೆ. ಬಯೋಡಾಟಾದ ಪಿಡಿಎಫ್ ಮಾಡಿ ವಾಟ್ಸಾಪ್‌ನಲ್ಲಿ ಇಟ್ಟುಕೊಳ್ಳಿ. ಯಾರಾದರೂ "ಹುಡುಗ ಇದ್ರೆ ಹೇಳಿ" ಅಂದ ಕೂಡಲೇ ಕಳಿಸುವಂತಿರಲಿ.

ಕೆಲಸ ಕೊಟ್ಟವರಿಗೆ ಒಂದು ವಿನಂತಿ

ತೋಟದ ಮಾಲೀಕರು, ಗ್ಯಾರೇಜ್, ಅಂಗಡಿ, ಹೋಮ್‌ಸ್ಟೇ ನಡೆಸುವವರು ಇದನ್ನು ಓದುತ್ತಿದ್ದರೆ, ನಿಮ್ಮಲ್ಲಿ ದುಡಿದವರು ಬಿಟ್ಟುಹೋಗುವಾಗ ಒಂದು ಪತ್ರ ಬರೆದುಕೊಡಿ. ಲೆಟರ್‌ಹೆಡ್ ಇಲ್ಲದಿದ್ದರೆ ಬಿಳಿ ಹಾಳೆ ಸಾಕು. ಅದರಲ್ಲಿ ಇಷ್ಟಿರಲಿ: ಅವರ ಹೆಸರು ಮಾರ್ಕ್ಸ್ ಕಾರ್ಡ್ ಅಥವಾ ಆಧಾರ್‌ನಲ್ಲಿರುವಂತೆ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಇದ್ದರು, ಕೈಯಾರೆ ಮಾಡುತ್ತಿದ್ದ ಕೆಲಸ ಯಾವುದು ಅನ್ನುವ ಎರಡು ಮೂರು ಸಾಲು. ಕೆಳಗೆ ನಿಮ್ಮ ಸಹಿ, ಫೋನ್ ನಂಬರ್, ತಾರೀಖು. ಫೋನ್ ನಂಬರ್ ಮರೆಯಬೇಡಿ, ಮುಂದೆ ಕೆಲಸ ಕೊಡುವವರು ಮೊದಲು ಮಾಡುವುದೇ ಆ ನಂಬರ್‌ಗೆ ಕರೆ.